ದೀಪಾವಳಿಗೆ ಮೊದಲು ಮಕ್ಕಳ ವಸತಿಗೆ ತಗಡು ಏರಬೇಕು: ದಾನಿಗಳಲ್ಲಿ ಮನವಿ

ನಮ್ಮ ಕನ್ನಡ ಶಾಲೆಯ ದಾನಿಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಮಹಾರಾಷ್ಟ್ರದ ಗಡಿಯ ನಮ್ಮ ಜತ್ತ ತಾಲೂಕು ಬಿಟ್ಟು ಸಾಂಗ್ಲಿ, ಸೊಲ್ಲಾಪುರ, ಪುಣೆ ಸೇರಿದ ಎಲ್ಲ ಬಂಧುಗಳಿಗೆ ಶರಣು.

ಮೊನ್ನೆಯ ಉತ್ತರೆ ಮಳೆಗೆ ಮಕ್ಕಳ ವಸತಿಯ ಛಾವಣಿ ಹೋಯಿತು. ವರ್ಷವಿಡೀ ಮುಗಿಲು ನೋಡುತ್ತ ಕೂರುವ ನಾವು ಮಳೆ ಬಂತೆಂದು ಬೇಸರ ಪಡುವಂತಿಲ್ಲ. ಆದರೆ ಗಾಳಿಗೆ ಅರ್ಧ ತಗಡು ಹಾರಿಹೋದವು. ಉಳಿದವು ತುಕ್ಕು ಹಿಡಿದು ಜರಡಿಯಾಗಿವೆ. ಜೋಳದ ಚೀಲಗಳು ನೆನೆದವು. ಹುಡುಗಿಯರು ಮಲಗುವ ಕೋಣೆಯ ಗೋಡೆ ಬಿರುಕು ಬಿಟ್ಟಿದೆ. ಅಪ್ಪ ಅಮ್ಮ ಕಬ್ಬು ಕಡಿಯಲು ಹೋದ ಮೇಲೆಯೇ ಮಕ್ಕಳು ಇಲ್ಲಿ ಉಳಿಯಲು ಬರುವುದು, ಹಾಗಾಗಿ ಈಗ ವಸತಿಯಲ್ಲಿ ಮಕ್ಕಳಿಲ್ಲ, ಅದೊಂದೇ ಪುಣ್ಯ.

ದೀಪಾವಳಿ ಪಾಡ್ಯ ಮುಗಿಯುತ್ತಿದ್ದಂತೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಿಮ್ಮಲ್ಲಿ ಎಷ್ಟೋ ಜನ ಅದೇ ಟ್ರ್ಯಾಕ್ಟರಿನಲ್ಲಿ ಕೂತು ಹೋದವರೇ ಅಲ್ವಾ? ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ, ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಕೂಲಿಗಳನ್ನು ಕರೆದೊಯ್ಯುವ ಮುಕಾದಮ ಮೊದಲೇ ಉಚಲ್, ಅಂದರೆ ಮುಂಗಡ, ಕೊಟ್ಟಿರುತ್ತಾನೆ. ಆ ದುಡ್ಡು ಮದುವೆಗೋ, ಬೋರ್‌ವೆಲ್ ಸಾಲಕ್ಕೋ ಆಗಲೇ ಹೋಗಿರುತ್ತದೆ. ತೀರಿಸುವುದು ಟನ್ ಲೆಕ್ಕದಲ್ಲಿ. ಒಂದು ದಿನ ಜ್ವರ ಬಂದು ಮಲಗಿದರೂ ಖಾಡೆ, ಅಂದರೆ ಗೈರುಹಾಜರಿ, ಹಾಕಿ ದುಡ್ಡು ಮುರಿಯುತ್ತಾರೆ. ಅಂಥ ಕಡೆ ಮಗುವೂ ಕೈ ಹಚ್ಚದೆ ನಡೆಯುವುದಿಲ್ಲ. ಒಂಬತ್ತು ವರ್ಷದ ಹುಡುಗ ಬೆಳಗಿನ ಜಾವದ ಚಳಿಯಲ್ಲಿ ಎದ್ದು ವಾಡೆ, ಅಂದರೆ ಕಬ್ಬಿನ ಹಸಿರು ತುದಿ, ಕೂಡಿಸುತ್ತಾನೆ, ಕಡಿದ ಕಬ್ಬನ್ನು ಹೊರೆಗೆ ಎಳೆದು ಹಾಕುತ್ತಾನೆ. ಗರಿ ತಾಗಿ ಕೈ ಕಾಲೆಲ್ಲ ಗೀರು. ಅವನ ಅಕ್ಕ ಗುಡಿಸಲಲ್ಲಿ ರೊಟ್ಟಿ ಬಡಿದು, ನೀರು ಹೊತ್ತು, ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಬದುವಿನಲ್ಲಿ ದಿನ ಕಳೆಯುತ್ತಾಳೆ. ರಾತ್ರಿ ಗಾಡಿ ಬಂದರೆ ತುಂಬಲು ಎಲ್ಲರೂ ಏಳಬೇಕು.

ಕರಾರು ಅಪ್ಪ ಅಮ್ಮನದು. ಮಗುವಿನ ಹೆಸರು ಯಾವ ಕಾಗದದಲ್ಲೂ ಇಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದಿತು. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು ಎಂದೂ ಅದರಲ್ಲೇ ಇದೆ. ಕಬ್ಬಿನ ಹೊಲದಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ: ‘ಅಪ್ಪನ ಸಂಗಡ ಬಂದಾನ್ರೀ.’ ಶಾಲೆಗೇ ಹೋಗದವನು ಶಾಲೆ ಬಿಟ್ಟ ಮೇಲೆ ದುಡಿಯುವುದು ಹೇಗೆ? 2011ರ ಜನಗಣತಿಯಲ್ಲಿ ದೇಶದಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳು 1 ಕೋಟಿ ದಾಟಿದ್ದರು. ಆ ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ. ಫೆಬ್ರವರಿಯಲ್ಲಿ ನಮ್ಮ ಊರುಗಳ ಅರ್ಧ ಮನೆಗೆ ಬೀಗ ಇರುತ್ತದೆ.

ಸಕ್ಕರೆ ಕಾರ್ಖಾನೆಗಳ ಹತ್ತಿರ ಕಬ್ಬು ಕಡಿಯುವವರ ಮಕ್ಕಳಿಗೆಂದೇ ಸಾಖರ ಶಾಳೆ ಇವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇವೆ, ಅವುಗಳಿಂದ ಎಷ್ಟೋ ಮಕ್ಕಳಿಗೆ ಒಳ್ಳೆಯದಾಗಿದೆ. ಆದರೆ ಅಲ್ಲಿ ಪಾಠ ಮರಾಠಿಯಲ್ಲಿ. ನಮ್ಮ ಹುಡುಗ ಮೂರನೇ ಇಯತ್ತೆಯವರೆಗೆ (ತರಗತಿಯವರೆಗೆ) ಕನ್ನಡದಲ್ಲಿ ಓದಿದವನು. ಅಲ್ಲಿ ಸುಮ್ನೆ ಕೂತು ಬರುತ್ತಾನೆ, ನಾಲ್ಕು ದಿನಕ್ಕೆ ಮತ್ತೆ ಹೊಲಕ್ಕೆ ಹೋಗುತ್ತಾನೆ. ಕನ್ನಡದ ಮಗು ಓದಬೇಕೆಂದರೆ ಊರಲ್ಲೇ ಉಳಿಯಬೇಕು. ಉಳಿಯಬೇಕೆಂದರೆ ರಾತ್ರಿ ಮಲಗಲು ಜಾಗ ಬೇಕು, ಹೊತ್ತಿಗೆ ಊಟ ಬೇಕು. ನಮ್ಮ ವಸತಿ ಇರುವುದು ಇದಕ್ಕಾಗಿಯೇ.

ಹುಡುಗಿಯರ ವಿಷಯ ಇನ್ನೂ ಕಷ್ಟ. ಜೋಡಿ ಇದ್ದರೆ ಉಚಲ್ ಜಾಸ್ತಿ, ಹಾಗಾಗಿ ಹದಿನೈದಕ್ಕೇ ಮದುವೆ ಮಾಡಿ ಕೈಗೆ ಕೊಯ್ತಾ ಕೊಡುತ್ತಾರೆ. ವಸತಿಯಲ್ಲಿ ಇದ್ದವಳನ್ನು ಹತ್ತನೇ ಪರೀಕ್ಷೆವರೆಗಾದರೂ ಯಾರೂ ಕೇಳಲು ಬರುವುದಿಲ್ಲ.

ಈ ಕೆಲಸ ಶುರುವಾದದ್ದು 1972ರ ಬರಗಾಲದಲ್ಲಿ, ಗಂಜಿಯಿಂದ. ಹಿರಿಯರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ರೊಟ್ಟಿ ತಂದರು. ಗಂಜಿಗೆ ಬಂದ ಮಕ್ಕಳಿಗೆ ಅದೇ ಕಟ್ಟೆಯ ಮೇಲೆ ಅಕ್ಷರ ಕಲಿಸಿದರು. ಆಮೇಲೆ ಶಾಲೆ ಬಂತು, ವಸತಿ ಬಂತು. ಆ ಕಟ್ಟೆಯ ಮೇಲೆ ಕಲಿತವರು ಇಂದು ಮುಖ್ಯಾಧ್ಯಾಪಕರಾಗಿದ್ದಾರೆ, ನರ್ಸ್ ಆಗಿದ್ದಾರೆ, ಗಡಿಯಲ್ಲಿ ಸೈನಿಕರಾಗಿದ್ದಾರೆ. ಕೊಯ್ತಾ ಜೋಡಿಯೊಂದರ ಮಗಳು ನಮ್ಮದೇ ಶಾಲೆಗೆ ಶಿಕ್ಷಕಿಯಾಗಿ ಬಂದಾಗ ಊರೇ ಹಬ್ಬ ಮಾಡಿತ್ತು. ಈ ಅಭಿಮಾನದ ಮಾತು ಎಷ್ಟು ಹೇಳಿದರೂ ನಮಗೆ ಸಾಲದು.

ಈಗ ಬೇಕಾದದ್ದು ತಗಡು, ಕಬ್ಬಿಣ, ಗೋಡೆಯ ದುರಸ್ತಿ ಸೇರಿ ಎರಡೂವರೆ, ಮೂರು ಲಕ್ಷ. ಒಂದು ಮಗುವಿನ ಹಂಗಾಮಿನ ಊಟ, ಹಾಸಿಗೆ, ಸೋಪು, ಎಣ್ಣೆಗೆ ಎಂಟು ಒಂಬತ್ತು ಸಾವಿರ ಹಿಡಿಯುತ್ತದೆ. ದುಡ್ಡು ಆಗದವರು ಜೋಳ, ತೊಗರಿಬೇಳೆ, ಕಂಬಳಿ ಕೊಡಬಹುದು. ಊರಲ್ಲಿ ಇರುವವರು ಗೋಡೆ ಕೆಲಸಕ್ಕೆ ಎರಡು ದಿನ ಬಂದರೂ ದೊಡ್ಡದು. ಹಳೆಯ ರಸೀದಿಯ ಹಿಂದೆ ಇರುವ ಬ್ಯಾಂಕ್ ಖಾತೆಯೇ ಈಗಲೂ ಇದೆ. ಕಳಿಸಿದ ಮೇಲೆ ಕಚೇರಿಗೆ ಒಂದು ಮಾತು ತಿಳಿಸಿ, ರಸೀದಿ ಮನೆಗೆ ಬರುತ್ತದೆ.

ಛಟ್ಟಿ ಅಮವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಬಂದಾಗ ಕೊಡೋಣ ಎಂದುಕೊಂಡವರಲ್ಲಿ ಕೈ ಮುಗಿದು ಕೇಳುತ್ತೇವೆ, ಅಷ್ಟರವರೆಗೆ ಕಾಯಬೇಡಿ. ಅಷ್ಟರಲ್ಲಿ ಗ್ಯಾಂಗು ಹೋಗಿ ವಾರಗಳೇ ಆಗಿರುತ್ತವೆ. ವಸತಿಗೆ ಛಾವಣಿ ಇಲ್ಲವೆಂದು ಕಂಡರೆ ಯಾವ ತಾಯಿಯೂ ಮಗುವನ್ನು ಬಿಟ್ಟು ಹೋಗುವುದಿಲ್ಲ, ಜೊತೆಗೇ ಕರೆದೊಯ್ಯುತ್ತಾಳೆ. ದಸರೆಯೊಳಗೆ ದುಡ್ಡು ಕೈಗೆ ಬಂದರೆ ದೀಪಾವಳಿಯೊಳಗೆ ತಗಡು ಹಾಕಿ ಮುಗಿಸುತ್ತೇವೆ ಎಂದು ಮೇಸ್ತ್ರಿ ಒಪ್ಪಿದ್ದಾರೆ.

ಇಂತಿ ನಿಮ್ಮ,
ಟ್ರಸ್ಟಿಗಳು
ಕನ್ನಡ ಶಾಲೆ ಮತ್ತು ಮಕ್ಕಳ ವಸತಿ, ಜತ್ತ ತಾಲೂಕು