ಕಾಫಿ ಪುಡಿಯ ತೂಕ: ಇನ್ನು 16 ಪ್ಯಾಕೆಟ್‌ಗಳ ಸರಾಸರಿ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ 1ರಿಂದ ನಮ್ಮ ಸಂಘದ ಅರ್ಧ ಕೆಜಿ ಕಾಫಿ ಪುಡಿಯ ತೂಕ ನೋಡುವ ಕ್ರಮ ಬದಲಾಗುತ್ತದೆ. ಇಲ್ಲಿಯವರೆಗೆ ಗಂಟೆಗೊಂದು ಪ್ಯಾಕೆಟ್ ತೂಗುತ್ತಿದ್ದೆವು. ಇನ್ನು ಗಂಟೆಗೆ 16 ಪ್ಯಾಕೆಟ್ ತೂಗಿ ಸರಾಸರಿ ನೋಡುತ್ತೇವೆ. ಅದು 500 ಗ್ರಾಂಗಿಂತ ಕೆಳಗಿಳಿದರೆ ಪುಡಿ ತುಂಬುವ ಯಂತ್ರ ನಿಲ್ಲಿಸಿ ನೋಡುತ್ತೇವೆ. ಬೆಲೆ ಹಳೆಯದೇ.

ಒಂದು ಪ್ಯಾಕೆಟ್ ತೂಗಿದರೆ ಸಾಲದಾ? ಸಾಲದು. ಯಂತ್ರವನ್ನು ನಾವು 503 ಗ್ರಾಂಗೆ ಇಟ್ಟಿದ್ದೇವೆ. ಆದರೂ ತೂಕ ಹೆಚ್ಚುಕಮ್ಮಿ ಆಗುತ್ತಲೇ ಇರುತ್ತದೆ. ಈ ಏರುಪೇರು ನಾರ್ಮಲ್ ಕರ್ವ್‌ಗೆ ಹೊಂದುತ್ತದೆ, ಅಂದರೆ ಹೆಚ್ಚಿನ ಪ್ಯಾಕೆಟ್‌ಗಳು 503ರ ಆಸುಪಾಸಿನಲ್ಲಿ, ದೂರ ಹೋದಷ್ಟೂ ಕಡಿಮೆ. ಏರುಪೇರು ಎಷ್ಟೆಂದು ಹೇಳುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 6 ಗ್ರಾಂ. ಹಾಗಾಗಿ ಯಂತ್ರ ಸರಿಯಿದ್ದಾಗಲೂ 100ರಲ್ಲಿ ಸುಮಾರು 31 ಪ್ಯಾಕೆಟ್ 500ಕ್ಕಿಂತ ಕಡಿಮೆ ತೂಗುತ್ತವೆ. ಒಂದು ಪ್ಯಾಕೆಟ್ 497 ಬಂತು ಅಂದರೆ ಯಂತ್ರ ಜಾರಿದೆಯೋ, ಮಾಮೂಲಿ ಏರುಪೇರೋ, ಹೇಳುವುದು ಹೇಗೆ?

ಸರಾಸರಿ ಇಷ್ಟು ಕುಣಿಯುವುದಿಲ್ಲ. ಪ್ಯಾಕೆಟ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿದರೆ, ಒಂದು ಪ್ಯಾಕೆಟ್‌ನ ಏರುಪೇರನ್ನು ಪ್ಯಾಕೆಟ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ಏರುಪೇರು ಸಿಗುತ್ತದೆ. 16ರ ವರ್ಗಮೂಲ 4. ಆರನ್ನು ನಾಲ್ಕರಿಂದ ಭಾಗಿಸಿದರೆ 1.5 ಗ್ರಾಂ, ಸರಾಸರಿಯ ಏರುಪೇರು ಅಷ್ಟೇ. 503ರಿಂದ 500ಕ್ಕೆ ಇಳಿಯಲು ಅಂಥ ಎರಡು ಮೆಟ್ಟಿಲು ಬೇಕು. ಯಂತ್ರ ಸರಿಯಿದ್ದರೆ ಅದರ ಸಾಧ್ಯತೆ 2.3% ಮಾತ್ರ. ಅಂದರೆ 100 ಸಲದಲ್ಲಿ ಎರಡು ಸಲ ಸುಮ್ನೆ ಯಂತ್ರ ನಿಲ್ಲಿಸುತ್ತೇವೆ, ಪರವಾಗಿಲ್ಲ. ಯಂತ್ರ ನಿಜಕ್ಕೂ 498.5ಕ್ಕೆ ಜಾರಿದ್ದರೆ ಮೊದಲ ತೂಕದಲ್ಲೇ ಸಿಕ್ಕಿಬೀಳುವ ಸಾಧ್ಯತೆ 84%. 36 ಪ್ಯಾಕೆಟ್ ತೂಗಿದರೆ ಏರುಪೇರು 1 ಗ್ರಾಂಗೆ ಇಳಿಯುತ್ತದೆ, ನಿಜ. ಆದರೆ ಅರ್ಧ ಗ್ರಾಂಗಾಗಿ ಎರಡು ಪಟ್ಟಿಗಿಂತ ಜಾಸ್ತಿ ಕೆಲಸ ಅಲ್ವಾ?

ಸಾಲಾಗಿ ಬಂದ 16 ಪ್ಯಾಕೆಟ್ ಎತ್ತಿಕೊಳ್ಳುವುದಿಲ್ಲ, ಗಂಟೆಯುದ್ದಕ್ಕೂ ಬಿಡಿಬಿಡಿಯಾಗಿ ತೆಗೆಯುತ್ತೇವೆ. ಮಳೆಗಾಲದಲ್ಲಿ ಚಿಕೋರಿ ತೇವ ಎಳೆದುಕೊಂಡು ಪುಡಿ ಗಂಟುಕಟ್ಟುತ್ತದೆ. ಆಗ ಅಕ್ಕಪಕ್ಕದ ಪ್ಯಾಕೆಟ್‌ಗಳು ಒಟ್ಟಿಗೇ ಹಗುರಾಗುತ್ತವೆ, ವರ್ಗಮೂಲದ ಲೆಕ್ಕ ಕೈಕೊಡುತ್ತದೆ.

ಮನೆಯಲ್ಲಿ ನೀವೂ ತೂಗಿ ನೋಡಬಹುದು, ಕವರ್ ತೂಕ ಕಳೆಯಿರಿ. ಒಂದು ಪ್ಯಾಕೆಟ್ 496 ಬಂದರೆ ಅದು ಮಾಮೂಲಿ. ನಾಲ್ಕರ ಸರಾಸರಿ 494ಕ್ಕಿಂತ ಕಡಿಮೆ ಬಂದರೆ ಅಲ್ಲ: ಯಂತ್ರ ಸರಿಯಿದ್ದಾಗ ಹಾಗಾಗುವುದು 10,000 ಸಲದಲ್ಲಿ ಸುಮಾರು 13 ಸಲ. ಒಂದೇ ಪ್ಯಾಕೆಟ್ 485ಕ್ಕಿಂತ ಕೆಳಗಿದ್ದರೂ ಅಷ್ಟೇ ಅಪರೂಪ. ಅರ್ಧ ಕೆಜಿಗೆ ತೂಕದ ಕಾನೂನು ಬಿಡುವ ವ್ಯತ್ಯಾಸವೂ 15 ಗ್ರಾಂ. ಇವೆರಡರಲ್ಲಿ ಯಾವುದು ಕಂಡರೂ ಪ್ಯಾಕೆಟ್ ಒಡೆಯದೆ ಮಳಿಗೆಗೆ ತನ್ನಿ, ನಿಮ್ಮ ಮುಂದೆಯೇ ತೂಗಿ ಬದಲಾಯಿಸಿ ಕೊಡುತ್ತೇವೆ.

ಇಂತಿ,
ನಿಮ್ಮ ಕಾಫಿ ಬೆಳೆಗಾರರ ಸಹಕಾರ ಸಂಘ