ಹಿಮಕ್ಕೆ ಬೂದಿ ಬಣ್ಣ ಬೇಡ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಪೈನ್ ಕಾಡಿನ ಫೋಟೊ ನೋಡಿದೆ. ಚೌಕಟ್ಟು ಚೆನ್ನಾಗಿದೆ. ಹಿಮ ಮಾತ್ರ ಒಲೆಬೂದಿಯ ಹಾಗೆ ಕಂಡಿತು. ಇದು ಮುದ್ರಣದ ತಪ್ಪಲ್ಲ ಅನ್ನಿಸುತ್ತದೆ. ಎದುರಿಗೆ ಏನೇ ಇರಲಿ, ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಅದನ್ನು ಸಾಧಾರಣ ಬೂದು ಬಣ್ಣ ಅಂದುಕೊಂಡೇ ಅಳೆಯುತ್ತದೆ; ಬಿಳಿ ಹಿಮವೂ ಬೂದಾಗಿಬಿಡುತ್ತದೆ. ಹಾಗಾಗಿ ಹಿಮ ಜಾಸ್ತಿ ಇರುವ ಕಡೆ ಎಕ್ಸ್‌ಪೋಷರ್ ಅನ್ನು, ಅಂದರೆ ಫೋಟೊಗೆ ಬಿಡುವ ಬೆಳಕನ್ನು, ಒಂದು, ಒಂದೂವರೆ ಸ್ಟಾಪ್ ಏರಿಸಬೇಕು (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು). ಫೋನಿನಲ್ಲಾದರೆ ಪರದೆ ಮುಟ್ಟಿ, ಸೂರ್ಯನ ಗುರುತನ್ನು ಮೇಲಕ್ಕೆ ಎಳೆದರೆ ಸಾಕು.

ಕಳೆದ ಜನವರಿಯಲ್ಲಿ ನಾನೂ ಅಲ್ಲಿದ್ದೆ. ಸೂರ್ಯ ಹುಟ್ಟುವುದೇ ಹೆಚ್ಚುಕಡಿಮೆ ಏಳೂವರೆಗೆ. ಎಳೆಬಿಸಿಲು ಅಡ್ಡಡ್ಡ ಬಿದ್ದಾಗ ಸೂಜಿಯೆಲೆಗಳ ಮೇಲೆ ಕೂತ ಹಿಮದ ಅಂಚು ಮಾತ್ರ ಹಳದಿ, ಬುಡದ ನೆರಳೆಲ್ಲ ನೀಲಿ. ಆ ನೀಲಿ ಆಕಾಶದ್ದು. ಕಂಪ್ಯೂಟರಿನಲ್ಲಿ ಸುಮ್ನೆ ಅದನ್ನು ತೆಗೆದು ಬೆಳ್ಳಗೆ ಮಾಡಿದರೆ ಫೋಟೊದಿಂದ ಚಳಿಯೇ ಹೊರಟುಹೋಗುತ್ತದೆ.

ಇನ್ನೊಂದು ಬೇಸರ. ಹಿಮ ಉದುರುವ ಫೋಟೊ ಬೇಕೆಂದು ಕೊಂಬೆ ಹಿಡಿದು ಜಗ್ಗುವವರನ್ನು ಕಂಡೆ. ಒಂದು ಕೊಂಬೆ ಪಟ್ಟಂತ ಮುರಿದೇಹೋಯಿತು. ಬಿಸಿಲೇರಿದರೆ ಹಿಮ ತಾನಾಗಿ ಉದುರುತ್ತದೆ, ಅಲ್ವಾ? ಪ್ರವಾಸದ ಪುಟದಲ್ಲಿ ಇದರ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ.

– ಸ್ಟುಡಿಯೊ ಫೋಟೊಗ್ರಾಫರ್, ಸಾಗರ