ಅತ್ತಲೂ ಅಲ್ಲ, ಇತ್ತಲೂ ಅಲ್ಲ

ಬೆಲ್‌ಫಾಸ್ಟ್, ಉತ್ತರ ಐರ್ಲೆಂಡ್, ಭಾನುವಾರ

ಪ್ರೀತಿಯ ಮಗಳೇ,

ಡೆರಿಯಿಂದ ನೀನು ಬರೆದ ಪತ್ರ ಸಿಕ್ಕಿತು. ಉಳಿದ ಸುದ್ದಿ ಫೋನಿನಲ್ಲೇ ಕೇಳಿದ್ದೆ. ಒಂದು ಸಾಲು ಮಾತ್ರ ಮುಳ್ಳಿನಂತೆ ಕುಳಿತಿದೆ: ‘ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಸಭೆಗಳ ಮಕ್ಕಳು ಒಟ್ಟಿಗೆ ಓದುವ ಶಾಲೆಗೆ ಸೇರಿಸಿದರೆ ನನ್ನ ಮಗಳು ಅತ್ತಲೂ ಅಲ್ಲದೆ, ಇತ್ತಲೂ ಅಲ್ಲದೆ ಉಳಿದುಬಿಟ್ಟರೆ, ದೊಡ್ಡಮ್ಮ?’ ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ, ನಿದ್ದೆ ಬರಲಿಲ್ಲ. ಆ ಮಾತು ನನ್ನದು. ರಜೆಗೆ ಊರಿಗೆ ಬಂದಿದ್ದಾಗ, ಮಂಗಳೂರಿನ ಬಲ್ಮಠದ ಮನೆಯಲ್ಲಿ, ನೀನು ಕ್ಯಾಥೊಲಿಕ್ ಹುಡುಗನ ಹೆಸರು ಹೇಳಿದ ದಿನ ನಾನೇ ಆಡಿದ್ದು. ಉಳಿದದ್ದು ನಿನಗೆ ಗೊತ್ತು.

ನನ್ನ ಮಗನನ್ನು, ನಿನ್ನ ತಮ್ಮನನ್ನು, ಪ್ರೊಟೆಸ್ಟೆಂಟ್ ಮಕ್ಕಳೇ ಹೋಗುವ ಶಾಲೆಗೆ ಸೇರಿಸಿದೆ. ಬಾಸೆಲ್ ಮಿಷನ್ ಕಾಲದಿಂದ ಬಂದ ನಮ್ಮ ಪ್ರೊಟೆಸ್ಟೆಂಟ್ ವಿಶ್ವಾಸ ಅವನಲ್ಲಿ ಮಾಸಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ದಿನಾ ಬೆಳಿಗ್ಗೆ ಅವನ ಟೈಗೆ ಇಸ್ತ್ರಿ ಹಾಕಿ ಕೊಡುತ್ತಿದ್ದೆ. ಸಂಜೆ ಅದು ಚೀಲದ ತಳದಲ್ಲಿ, ಬುತ್ತಿ ಡಬ್ಬಿಯ ಕೆಳಗೆ ಮುದುಡಿ ಬಿದ್ದಿರುತ್ತಿತ್ತು. ಶಿಸ್ತಿಲ್ಲವೆಂದು ಬೈದೆ, ಒಮ್ಮೆ ಹೊಡೆದೆ. ಬಸ್ಸು ಕ್ಯಾಥೊಲಿಕರ ಬೀದಿ ಹಾಯುವಾಗ ಟೈ ನೋಡಿಯೇ ಯಾವ ಕಡೆಯವನೆಂದು ಗುರುತಿಸುತ್ತಾರೆ, ಅದಕ್ಕೇ ಬಿಚ್ಚುತ್ತಿದ್ದೆ ಎಂದು ಅವನು ಬಾಯಿಬಿಟ್ಟದ್ದು ಶಾಲೆ ಮುಗಿದ ಮೇಲೆ. ಇಲ್ಲಿನ ಎರಡೂ ಕಡೆಯವರ ಕಾದಾಟ ನಿಲ್ಲಿಸಲೆಂದು ಮಾಡಿದ 1998ರ ಶಾಂತಿ ಒಪ್ಪಂದವಾಗಿ ಎಷ್ಟೋ ವರ್ಷಗಳಾಗಿದ್ದವು ಆಗ. ಒಬ್ಬ ಕ್ಯಾಥೊಲಿಕ್ ಹುಡುಗನ ಮನೆಯ ಹೊಸ್ತಿಲನ್ನೂ ಅವನು ತುಳಿಯದೆ ಬೆಳೆದ. ಅವನು ಎತ್ತಲಾದರೂ ಸೇರಿರಲಿ ಎಂದು ನಾನು ಹಟ ಹಿಡಿದದ್ದಕ್ಕೆ ಮಗು ದಿನವೂ ಬಸ್ಸಿನಲ್ಲಿ ಹೆದರಿ ಕುಳಿತಿತ್ತು.

ಇದೇ ಊರಿನಲ್ಲಿ ಲ್ಯಾಗನ್ ಕಾಲೇಜು ಇತ್ತು. ಹೆಸರಿಗೆ ಕಾಲೇಜು, ಇರುವುದು ಪ್ರೌಢಶಾಲೆ. 1981ರಲ್ಲಿ 28 ಮಕ್ಕಳೊಂದಿಗೆ ಒಂದು ಸ್ಕೌಟ್ ಹಾಲಿನಲ್ಲಿ ಶುರುವಾಯಿತು, ಸರ್ಕಾರದ ಹಣವೂ ಇಲ್ಲದೆ. ಆ ವರ್ಷ ಇಲ್ಲಿನ ಸೆರೆಮನೆಯಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ 10 ಮಂದಿ ಕೈದಿಗಳು ಅನ್ನ ಬಿಟ್ಟು ಸತ್ತಿದ್ದರು. ಅಂಥ ಹೊತ್ತಿನಲ್ಲಿ ಎರಡೂ ಕಡೆಯ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿದ ತಾಯಂದಿರಿಗೂ ನಿನ್ನದೇ ಭಯ ಇದ್ದಿರಬೇಕು, ಅಲ್ಲವೇ? ನಾನು ಒಂದು ದಿನ ಆ ಶಾಲೆ ನೋಡಲೂ ಹೋಗಲಿಲ್ಲ.

ಬುದ್ಧಿ ಹೇಳಲು ನನಗೆ ಯಾವ ಮುಖ? ಆದರೂ ಬರೆಯುತ್ತೇನೆ. ನಿಮ್ಮ ಡೆರಿಯಲ್ಲಿ ಅಂಥದ್ದೇ ಓಕ್‌ಗ್ರೋವ್ ಶಾಲೆ 1990ರ ದಶಕದಿಂದ ಇದೆ, ಒಮ್ಮೆ ಒಳಗೆ ಹೋಗಿ ನೋಡು. ಧರ್ಮಪಾಠ ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂದು ನಾಚದೆ ಕೇಳು. ಅರ್ಜಿಯಲ್ಲಿ ಧರ್ಮ ಕೇಳಿದರೆ ಕ್ಯಾಥೊಲಿಕ್ ಎಂದೇ ಬರೆ, ಅವಳ ಜ್ಞಾನಸ್ನಾನ ಅಲ್ಲೇ ಆದದ್ದಲ್ಲವೇ. ಭಾನುವಾರ ಅವಳಪ್ಪ ಬಲಿಪೂಜೆಗೆ ಕರೆದುಕೊಂಡು ಹೋಗಲಿ. ನಮ್ಮ ಕನ್ನಡ ಕೀರ್ತನೆ ಒಂದೆರಡು ನೀನು ಕಲಿಸು, ಅವಳ ಕಂಠ ಚೆನ್ನಾಗಿದೆ. ಅತ್ತ, ಇತ್ತ ಎಂಬುದನ್ನು ಅವಳು ಇನ್ನೂ ಕೇಳಿಯೇ ಇಲ್ಲವಲ್ಲ, ಮಗಳೇ. ನಾನು ನಿನ್ನ ಕಿವಿಗೆ ಹಾಕಿದ್ದನ್ನು ನೀನು ಅವಳ ಕಿವಿಗೆ ಹಾಕಬೇಡ.

ಶಾಲೆ ನೋಡಲು ಹೋಗುವ ದಿನ ತಿಳಿಸು. ಪಾಳಿ ಬದಲಿಸಿಕೊಂಡು ಬೆಳಗಿನ ಬಸ್ಸಿಗೆ ಬರುತ್ತೇನೆ. ಬೇಡವೆನಿಸಿದರೆ ಬೇಡ.

ನಿನ್ನ
ದೊಡ್ಡಮ್ಮ